ಹಗ್ಗ ನಿಮ್ಮ ಕೈಯಲ್ಲಿ, ಎತ್ತು ಯಾರದು?

ರೈತ ಬಾಂಧವರೇ, ಸಂತೆಯಲ್ಲಿ ನೀವು ಒಂದು ಎತ್ತು ಕೊಂಡಿರಿ ಅನ್ನೋಣ. ಹಣ ಎಣಿಸಿ ಕೊಟ್ಟು, ತಂದು ಕೊಟ್ಟಿಗೆಯಲ್ಲಿ ಕಟ್ಟಿದಿರಿ. ನಾಲ್ಕನೆಯ ದಿನ ಪೊಲೀಸಿನವರು ಬಾಗಿಲಿಗೆ ಬಂದು, "ಇದು ಕಳವಿನ ಎತ್ತು" ಎಂದರೆ? "ನಾನು ಕದ್ದವನಲ್ಲ ಸ್ವಾಮಿ, ದುಡ್ಡು ಕೊಟ್ಟು ತಂದವನು" ಅಂತೀರಿ. ನಿಜವೇ ಇರಬಹುದು. ಆದರೆ ಕಾನೂನು ಮೊದಲು ಕೇಳುವುದು ಇಷ್ಟು: ಎತ್ತು ಯಾರ ಸ್ವಾಧೀನದಲ್ಲಿ ಸಿಕ್ಕಿತು? ಅವನ ಕೈಗೆ ಹೇಗೆ ಬಂತು?

ಒಡೆತನ ಬೇರೆ, ಸ್ವಾಧೀನ ಬೇರೆ. ದನ ಯಾರ ಅಂಕೆಯಲ್ಲಿದೆ, ಯಾರು ತಿಳಿದೇ ಅದನ್ನು ಇಟ್ಟುಕೊಂಡಿದ್ದಾರೆ ಎಂಬುದೇ ಸ್ವಾಧೀನ. ಹಗ್ಗ ಹಿಡಿದವನದೇ ಸ್ವಾಧೀನ ಎಂದೇನೂ ಅಲ್ಲ. ನಿಮ್ಮ ಸಂಬಳದ ಆಳು ನಿಮ್ಮ ಪರವಾಗಿ ದನ ಮೇಯಿಸುತ್ತಿದ್ದರೆ, ದನ ನಿಮ್ಮ ಸ್ವಾಧೀನದಲ್ಲೇ ಇದ್ದ ಹಾಗೆ. ಅವನು ಅದನ್ನು ಕದ್ದು ಮಾರಿದರೆ ಕಳವು. ಅದೇ ಕುರಿಯನ್ನು ಪಾಲಿಗೆ ಸಾಕಲು ಕೊಟ್ಟಿದ್ದು, ಸಾಕುವವನು ಮಾರಿ ಹಣ ನುಂಗಿದರೆ, ಸಾಮಾನ್ಯವಾಗಿ ಅದು ನಂಬಿಕೆ ದ್ರೋಹ. ಆದ್ದರಿಂದ ದೂರು ಬರೆಸುವಾಗ, ಪ್ರಾಣಿಯನ್ನು ಯಾರ ಕೈಗೆ ಯಾವ ಕರಾರಿನ ಮೇಲೆ ಕೊಟ್ಟಿರಿ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ.

ಕಳವಾಗಲು ದನ ಊರಗಡಿ ದಾಟಬೇಕಾಗಿಲ್ಲ. ಕದಿಯುವ ಮನಸ್ಸಿನಿಂದ ಹಗ್ಗ ಬಿಚ್ಚಿ ಹೊಡೆದಾಗ, ದನ ಹೆಜ್ಜೆ ಕಿತ್ತಿಟ್ಟಿತೋ, ಕಳವು ಆಯಿತು.

ಇನ್ನು ಸಂತೆಯ ಎತ್ತಿಗೆ ಬರೋಣ. 1872ರ ಸಾಕ್ಷ್ಯ ಕಾಯಿದೆಯ 114ನೆಯ ಕಲಮಿನಲ್ಲಿದ್ದ ಮಾತೊಂದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೆಯ ಕಲಮಿನಲ್ಲಿಯೂ ಉಳಿದಿದೆ. ಕಳವಾದ ಸ್ವಲ್ಪ ಕಾಲದಲ್ಲೇ ಮಾಲು ಯಾರ ಸ್ವಾಧೀನದಲ್ಲಿ ಸಿಕ್ಕಿತೋ ಅವನೇ ಕಳ್ಳ, ಇಲ್ಲವೇ ಕಳವಿನ ಮಾಲೆಂದು ತಿಳಿದೇ ಪಡೆದವನು ಎಂದು ನ್ಯಾಯಾಲಯ ಭಾವಿಸಬಹುದು. ಸ್ವಲ್ಪ ಕಾಲವೆಂದರೆ ಇಷ್ಟೇ ದಿನ ಎಂದು ಕಲಮಿನಲ್ಲಿ ಹೇಳಿಲ್ಲ. "ಬಹುದು" ಎಂದಿದೆಯೇ ಹೊರತು "ಭಾವಿಸಲೇಬೇಕು" ಎಂದಿಲ್ಲ. ಅದು ತನ್ನ ಕೈಗೆ ಹೇಗೆ ಬಂತೆಂದು ನಂಬುವ ಹಾಗೆ ಲೆಕ್ಕ ಒಪ್ಪಿಸಿದವನಿಗೆ ಈ ಮಾತು ಅಂಟದು.

ಕಳವಿನ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ದುರುದ್ದೇಶದಿಂದ ಇಟ್ಟುಕೊಂಡರೆ 3 ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಕತ್ತಲಲ್ಲಿ ಅರ್ಧ ಬೆಲೆಗೆ ಬಂದ ಎತ್ತಿನ ಬಗ್ಗೆ "ನನಗೇನು ಗೊತ್ತಿತ್ತು?" ಎಂದರೆ ಯಾರು ನಂಬುತ್ತಾರೆ? ನೀವು ನಿರಪರಾಧಿ ಎಂದಾದರೂ ಎತ್ತು ನಿಜವಾದ ಒಡೆಯನಿಗೇ ಸೇರುತ್ತದೆ. ಮಾರಿದವನಿಗೆ ಇಲ್ಲದ ಒಡೆತನ ಕೊಂಡವನಿಗೆ ಎಲ್ಲಿಂದ ಬಂದೀತು? ನಿಮ್ಮ ಹಣವನ್ನು ನೀವು ಮಾರಿದವನಿಂದಲೇ ವಸೂಲು ಮಾಡಬೇಕು.

ಅದಕ್ಕೇ ವ್ಯಾಪಾರ ಹಗಲಲ್ಲಿ, ನಾಲ್ಕು ಜನರೆದುರು ಆಗಲಿ. ಮಾರಿದವನ ಹೆಸರು, ಊರು, ಬೆಲೆ, ತಾರೀಖು, ಎತ್ತಿನ ಬಣ್ಣ, ಕೊಂಬು, ಸುಳಿ ಇಷ್ಟನ್ನೂ ಚೀಟಿಯಲ್ಲಿ ಬರೆಸಿ, ಅವನ ರುಜುವನ್ನೂ ಇಬ್ಬರು ಸಾಕ್ಷಿಗಳ ರುಜುವನ್ನೂ ಹಾಕಿಸಿ. ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದ್ದರೆ ಆ ಅಂಕಿಗಳನ್ನೂ ಬರೆದಿಡಿ. ಸಂತೆಯ ರಸೀದಿ ಇದ್ದರೆ ಜೋಪಾನ ಮಾಡಿ. ಗೊತ್ತಿಲ್ಲದ ದನ ನಿಮ್ಮ ಮಂದೆಯ ಜೊತೆ ಬಂದು ಸೇರಿದರೆ ಸುಮ್ಮನೆ ಕಟ್ಟಿಕೊಳ್ಳಬೇಡಿ. ಅಂದೇ ಪಂಚಾಯಿತಿಗೋ ಠಾಣೆಗೋ ತಿಳಿಸಿ.

ಚೀಟಿ ಬರೆಸಲು ಹಿಡಿಯುವುದು ಕಾಲು ಗಂಟೆ. ಅದಿಲ್ಲದೆ ಹೋದರೆ ಎತ್ತಿನ ಜೊತೆಗೆ ಮಾನವೂ ಹೋದೀತು.