ಬಾಹುಕನ ಕುದುರೆಗಳು, ಮನೆಮಂದಿಯ ಕಾರು

ದಮಯಂತಿಯ ಎರಡನೆಯ ಸ್ವಯಂವರದ ಸುದ್ದಿಯನ್ನು ಕೇಳಿ ಋತುಪರ್ಣ ಮಹಾರಾಜನು ಒಂದೇ ದಿನದಲ್ಲಿ ಅಯೋಧ್ಯೆಯಿಂದ ವಿದರ್ಭವನ್ನು ಸೇರಬೇಕಾಗಿ ಬಂದಾಗ, ಅವನ ಸಾರಥಿ ಬಾಹುಕನು ಲಾಯದಿಂದ ಆರಿಸಿ ತಂದದ್ದು ಬಡಕಲು ಕುದುರೆಗಳನ್ನು. ಅರಸನಿಗೆ ಸಿಟ್ಟು ಬಂತು. ಇವು ನಮ್ಮನ್ನು ಅಷ್ಟು ದೂರ ಎಳೆದೊಯ್ಯುವುದುಂಟೆ ಎಂದು ಕೇಳಿದನು. ಬಾಹುಕನಾದರೋ ಮಾರುವೇಷದ ನಳ. ಕುದುರೆಯ ಮೈಯನ್ನಲ್ಲ, ಅದರ ಹೃದಯವನ್ನು ಬಲ್ಲವನು. ರಥ ಹೊರಟಿತು. ದಾರಿಯಲ್ಲಿ ಅರಸನ ಉತ್ತರೀಯ ಜಾರಿ ಬಿತ್ತು; ನಿಲ್ಲಿಸೆಂದು ಅವನು ಹೇಳುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದುಹೋಗಿತ್ತು.

ಮಹಾಭಾರತದ ಅರಣ್ಯಪರ್ವದಲ್ಲಿ ಬರುವ ಈ ಪ್ರಸಂಗ, ಯೂರೋಪಿನ ಒಂದು ಜಾತಿಯ ಕಾರುಗಳ ವಿಷಯ ಬಂದಾಗಲೆಲ್ಲ ನೆನಪಾಗುತ್ತದೆ. ಅವನ್ನು ‘ಸ್ಪೋರ್ಟ್ಸ್ ಸೆಡಾನ್’ ಎಂದು ಕರೆಯುತ್ತಾರೆ. ನೋಡುವುದಕ್ಕೆ ಅವು ಸಾಧಾರಣ ಗೃಹಸ್ಥನ ಕಾರುಗಳು: ನಾಲ್ಕು ಬಾಗಿಲು, ಮಕ್ಕಳಿಗೂ ಮುದುಕರಿಗೂ ಸ್ಥಳ, ಗಂಟುಮೂಟೆಗೆ ಹಿಂದೊಂದು ಡಿಕ್ಕಿ. ಆದರೆ ಮುಂಭಾಗದ ಮುಚ್ಚಳವನ್ನು ಎತ್ತಿದರೆ ಒಳಗಿರುವುದು ಪಂದ್ಯದ ಕಣದಲ್ಲಿ ಪಳಗಿದ ಎಂಜಿನ್ನು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಕಾರೇ ಸಂಜೆ ಖಾಲಿ ಹೆದ್ದಾರಿಯಲ್ಲಿ ಬಾಹುಕನ ರಥವಾಗಬಲ್ಲುದು.

ಒಂದೇ ವಾಹನ ಇಬ್ಬರು ಒಡೆಯರಿಗೆ ಸೇವೆ ಸಲ್ಲಿಸಬಲ್ಲುದೆ? ಮೋಟಾರು ಪತ್ರಿಕೆಗಳು ಇಂಥ ಕಾರುಗಳನ್ನು ಹೋಲಿಸುವಾಗ ಶೂನ್ಯದಿಂದ ನೂರು ಕಿಲೋಮೀಟರಿನ ವೇಗಕ್ಕೆ ಎಷ್ಟು ಸೆಕೆಂಡು, ಪರಮಾವಧಿ ವೇಗವೆಷ್ಟು ಎಂದು ಕೇಳುತ್ತವೆ. ಅದು ಚಾಲಕನ ಪ್ರಶ್ನೆ. ಹಿಂದಿನ ಆಸನದಲ್ಲಿ ಕುಳಿತವರ ಪ್ರಶ್ನೆಯೇ ಬೇರೆ. ಈ ಲೇಖನದಲ್ಲಿ ನಾವು ಹಿಂದಿನ ಆಸನದಲ್ಲಿ ಕುಳಿತು ಹೋಲಿಸಿ ನೋಡೋಣ.

ಕಣದಿಂದ ಮನೆಗೆ ಬಂದದ್ದು

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮಿಲಾನ್ ನಗರದ ಆಲ್ಫಾ ರೋಮಿಯೋ ಕಂಪೆನಿ ಧನಿಕರಿಗಾಗಿ ಕೆಲವೇ ಕಾರುಗಳನ್ನು ತಯಾರಿಸುತ್ತಿತ್ತು. ಯುದ್ಧಾನಂತರದ ಇಟಲಿಯಲ್ಲಿ ಆ ಬಗೆಯ ವ್ಯಾಪಾರಕ್ಕೆ ನೆಲೆ ಇರಲಿಲ್ಲ. ಆದುದರಿಂದ 1950ರಲ್ಲಿ ಓರಾಜಿಯೋ ಸಾಟ್ಟಾ ಪುಲೀಗ ಎಂಬ ಎಂಜಿನಿಯರನ ನೇತೃತ್ವದಲ್ಲಿ ‘1900’ ಎಂಬ ನಾಲ್ಕು ಬಾಗಿಲಿನ ಕಾರು ಹೊರಬಂದಿತು. ಓಟಗಳನ್ನು ಗೆಲ್ಲುವ ಕುಟುಂಬದ ಕಾರು ಎಂಬುದೇ ಅದರ ಜಾಹೀರಾತಿನ ಮಾತು. ಈ ಜಾತಿಯ ಕಾರುಗಳ ಇಡೀ ಧ್ಯೇಯ ಆ ಒಂದು ಮಾತಿನಲ್ಲಿ ಅಡಗಿದೆ.

ಒಂಬತ್ತು ವರ್ಷಗಳ ಅನಂತರ, 1959ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಿಂದ ಜಾಗ್ವಾರ್ ಮಾರ್ಕ್-2 ಬಂದಿತು. ಅದರ 3.8 ಲೀಟರಿನ ಮಾದರಿಗೆ 220 ಅಶ್ವಶಕ್ತಿ. ಗಂಟೆಗೆ ಸುಮಾರು 200 ಕಿಲೋಮೀಟರಿನ ವೇಗ. ಫ್ರಾನ್ಸಿನ ಲೆ ಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು 1951ರಿಂದ 1957ರೊಳಗೆ ಐದು ಬಾರಿ ಗೆದ್ದ ಜಾಗ್ವಾರುಗಳ ಎಂಜಿನ್ನಿನ ವಂಶದ್ದೇ ಇದರ ಎಂಜಿನ್ನು ಕೂಡ. ಒಳಗಾದರೋ ಮೆರುಗಿನ ಮರದ ಹಲಗೆ, ತೊಗಲಿನ ಆಸನ, ಹಿಂದೆ ಕುಳಿತವರು ತಿಂಡಿಯ ತಟ್ಟೆಯನ್ನು ಇಟ್ಟುಕೊಳ್ಳಲು ಮಡಿಸುವ ಪುಟ್ಟ ಮೇಜುಗಳು. ಬ್ರಿಟನ್ನಿನ ಪೊಲೀಸರು ಈ ಕಾರನ್ನು ಮೆಚ್ಚಿ ಬಳಸಿದರು; ಬ್ಯಾಂಕು ದರೋಡೆಗಾರರೂ ಅಷ್ಟೇ ಮೆಚ್ಚಿ ಬಳಸಿದರು. ಸಂಸಾರಿಗಳು ಇವರಿಬ್ಬರ ನಡುವೆ ಇದ್ದರು.

ಆದರೆ ಹಿಂದಿನ ಆಸನದ ದೃಷ್ಟಿಯಿಂದ ಈ ಕಾರಿನ ದೊಡ್ಡ ಕೊಡುಗೆ ಅದರ ವೇಗವಲ್ಲ, ಅದರ ಬ್ರೇಕು. ಆ ಕಾಲದ ಬಹುಪಾಲು ಕಾರುಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಮುಚ್ಚಿದ ಡಬ್ಬಿಯೊಂದರ ಒಳಗೋಡೆಗೆ ಪಟ್ಟಿಗಳು ಒತ್ತಿ ಚಕ್ರವನ್ನು ತಡೆಯುತ್ತಿದ್ದವು. ಪದೇ ಪದೇ ಒತ್ತಿದರೆ ಶಾಖವು ಒಳಗೇ ಸಿಕ್ಕಿಕೊಂಡು ಹಿಡಿತ ಸಡಿಲವಾಗುತ್ತಿತ್ತು. ಡಿಸ್ಕ್ ಬ್ರೇಕಿನಲ್ಲಿ ಗಾಳಿಗೆ ತೆರೆದುಕೊಂಡಿರುವ ಬಿಲ್ಲೆಯೊಂದನ್ನು ಎರಡು ಕಡೆಗಳಿಂದಲೂ ಇಕ್ಕುಳದಂತೆ ಹಿಡಿಯುವುದರಿಂದ ಶಾಖ ಒಡನೆಯೇ ಆರಿಹೋಗುತ್ತದೆ. 1953ರ ಲೆ ಮಾನ್ಸ್ ಓಟದಲ್ಲಿ ಜಾಗ್ವಾರು ಗೆದ್ದುದಕ್ಕೆ ಈ ಬ್ರೇಕು ಒಂದು ಮುಖ್ಯ ಕಾರಣ. ಆರು ವರ್ಷಗಳಲ್ಲಿ ಅದು ಮಾರ್ಕ್-2ರ ನಾಲ್ಕು ಚಕ್ರಗಳಿಗೂ ಬಂದಿತು. ವೇಗವಾಗಿ ಓಡಲು ಹೊರಟವರು ಮೊದಲು ನಿಲ್ಲುವುದನ್ನು ಕಲಿಯಬೇಕಾಯಿತು. ಅವರ ಕಲಿಕೆಯ ಫಲವನ್ನು ಮನೆಮಂದಿ ಉಂಡರು.

ಮ್ಯೂನಿಕ್ಕಿನ ಮೌನಿ

ಬಾಹುಕನ ಲಾಯಕ್ಕೆ ತಕ್ಕ ಕಾರು 1985ರಲ್ಲಿ ಹುಟ್ಟಿತು. ಬಿ.ಎಂ.ಡಬ್ಲ್ಯು. ಕಂಪೆನಿಯವರು ಎಂ-1 ಎಂಬ ತಮ್ಮ ಎರಡು ಆಸನಗಳ ಕ್ರೀಡಾ ಕಾರಿನ ಎಂಜಿನ್ನನ್ನು ಪರಿಷ್ಕರಿಸಿ, ಬ್ಯಾಂಕಿನ ಅಧಿಕಾರಿಗಳೂ ವೈದ್ಯರೂ ಕೊಳ್ಳುತ್ತಿದ್ದ ತಮ್ಮ ಐದನೆಯ ಶ್ರೇಣಿಯ ಸೆಡಾನಿನೊಳಗೆ ಇಟ್ಟರು. ಆರು ಸಿಲಿಂಡರು, ಇಪ್ಪತ್ತನಾಲ್ಕು ಕವಾಟ, 3,453 ಘನ ಸೆಂಟಿಮೀಟರು, 286 ಅಶ್ವಶಕ್ತಿ. ಹೆಸರು ಎಂ-5. ಪುಟ್ಟದೊಂದು ಬಿರುದನ್ನು ಬಿಟ್ಟರೆ ಪಕ್ಕದ ಮನೆಯವರ ಕಾರಿಗೂ ಇದಕ್ಕೂ ಹೊರಗಿನಿಂದ ಅಂತಹ ವ್ಯತ್ಯಾಸವಿರಲಿಲ್ಲ. ಕೈಯಿಂದ ಜೋಡಿಸುತ್ತಿದ್ದುದರಿಂದ ಒಟ್ಟು ತಯಾರಾದವು 2,200ಕ್ಕೆ ಸ್ವಲ್ಪ ಮೇಲೆ ಮಾತ್ರ.

ಈ ಎಂಜಿನ್ನಿನ ಸ್ವಭಾವವನ್ನು ಗಮನಿಸಬೇಕು. ಅದರ ಪೂರ್ಣಶಕ್ತಿ ಹೊಮ್ಮುವುದು ನಿಮಿಷಕ್ಕೆ 6,500 ಸುತ್ತುಗಳಲ್ಲಿ. ಅದಕ್ಕಿಂತ ಬಹಳ ಕೆಳಗೆ, ನಗರದ ಬೀದಿಯಲ್ಲಿ, ಅದು ಸಾಧುವಾದ ಆರು ಸಿಲಿಂಡರಿನ ಎಂಜಿನ್ನು, ಅಷ್ಟೆ. ಶಕ್ತಿ ಬೇಕೆನಿಸಿದರೆ ಚಾಲಕನು ತಾನೇ ಕ್ಲಚ್ಚನ್ನು ತುಳಿದು, ಗೇರನ್ನು ಇಳಿಸಿ, ಎಂಜಿನ್ನನ್ನು ಏರಿಸಿ ಅದನ್ನು ಕರೆಯಬೇಕು. ಕರೆಯದಿದ್ದರೆ ಬರುವುದಿಲ್ಲ. ಸಂಸಾರವನ್ನು ಹೊತ್ತು ಹೋಗುವ ಬಂಡಿಗೆ ಇದು ಒಳ್ಳೆಯ ಗುಣವೆಂದೇ ಹೇಳಬೇಕು.

ಎರಡು ಕಾರ್ಖಾನೆಗಳ ನಡುವೆ ಓಡಾಡಿದ ಕಾರು

ಮ್ಯೂನಿಕ್ಕಿನವರಿಗೆ ಸ್ಟುಟ್‌ಗಾರ್ಟಿನ ಮರ್ಸಿಡಿಸ್ ಕಂಪೆನಿ ಕೊಟ್ಟ ಉತ್ತರ 1990ರ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿತು. ಅದು ‘500 ಇ’. ಐದು ಲೀಟರಿನ ಎಂಟು ಸಿಲಿಂಡರಿನ ಎಂಜಿನ್ನು, 326 ಅಶ್ವಶಕ್ತಿ. ಇದರ ಜನ್ಮಕಥೆ ಸ್ವಾರಸ್ಯಕರವಾದುದು. ಅಗಲವಾದ ಚಕ್ರಗಳಿಗಾಗಿ ಮಡ್‌ಗಾರ್ಡುಗಳನ್ನು ಉಬ್ಬಿಸಿದ್ದರಿಂದ ಕಾರಿನ ಮೈ ಜಿಂಡೆಲ್‌ಫಿಂಗೆನ್ನಿನ ತಮ್ಮದೇ ಜೋಡಣೆಯ ಸಾಲಿನಲ್ಲಿ ಹಿಡಿಸಲಿಲ್ಲ. ಅದೇ ಸಮಯಕ್ಕೆ ಸಮೀಪದ ಪೋರ್ಷೆ ಕಂಪೆನಿ ಹಣದ ಮುಗ್ಗಟ್ಟಿನಲ್ಲಿತ್ತು. ಅವರ ಕಾರ್ಖಾನೆಗೆ ಕೆಲಸ ಬೇಕಾಗಿತ್ತು. ಹೀಗಾಗಿ ಭಾಗಗಳು ಜಿಂಡೆಲ್‌ಫಿಂಗೆನ್ನಿನಿಂದ ಪೋರ್ಷೆಯ ತ್ಸುಫೆನ್‌ಹೌಸನ್ನಿಗೆ ಹೋಗಿ ಮೈಯಾಗುತ್ತಿದ್ದವು. ಮೈ ಬಣ್ಣಕ್ಕಾಗಿ ಹಿಂದಿರುಗುತ್ತಿತ್ತು. ಜೋಡಣೆಗಾಗಿ ಮತ್ತೆ ಅಲ್ಲಿಗೆ, ಕೊನೆಯ ಪರೀಕ್ಷೆಗಾಗಿ ಮತ್ತೆ ಇಲ್ಲಿಗೆ. ಒಂದೊಂದು ಕಾರೂ ಮುಗಿಯುವುದಕ್ಕೆ ಹದಿನೆಂಟು ದಿನ ಹಿಡಿಯುತ್ತಿತ್ತು. 1995ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಹತ್ತು ಸಾವಿರಕ್ಕೂ ಹೆಚ್ಚು ಕಾರುಗಳು ಈ ಯಾತ್ರೆಯನ್ನು ಮುಗಿಸಿದ್ದವು.

ಇದರ ಸ್ವಭಾವ ಎಂ-5ಕ್ಕೆ ತೀರ ವಿರುದ್ಧ. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ. ಎಂಜಿನ್ನಿನ ಎಳೆತ ನಿಮಿಷಕ್ಕೆ 4,000 ಸುತ್ತುಗಳಿಗೆ ಮುಂಚೆಯೇ ತನ್ನ ಶಿಖರವನ್ನು ಮುಟ್ಟುತ್ತದೆ. ಭಾರ ಹೆಚ್ಚಾದರೆ ಹಿಂಭಾಗ ಕುಸಿಯದಂತೆ ತಾನೇ ಎತ್ತರವನ್ನು ಸರಿಪಡಿಸಿಕೊಳ್ಳುವ ಏರ್ಪಾಟೂ, ಒದ್ದೆ ರಸ್ತೆಯಲ್ಲಿ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಉಪಾಯವೂ ಇವೆ. ನಿದ್ದೆಹೋದ ಮಗುವನ್ನು ಎಚ್ಚರಿಸದೆ ಇನ್ನೂರು ಕಿಲೋಮೀಟರಿನ ವೇಗವನ್ನು ಮುಟ್ಟಬಲ್ಲ ಕಾರು ಇದು. ಅದು ಇದರ ಹಿರಿಮೆ, ಅಪಾಯವೂ ಅದೇ.

ಹಿಂದಿನ ಆಸನದ ಲೆಕ್ಕ

ಇಷ್ಟೊಂದು ಶಕ್ತಿಯಿಂದ ಮನೆಮಂದಿಗೆ ಏನು ಪ್ರಯೋಜನ? ಸಮತಟ್ಟಾದ ರಸ್ತೆಯಲ್ಲಿ ನೂರು ಕಿಲೋಮೀಟರಿನ ಸ್ಥಿರವೇಗವನ್ನು ಕಾಯ್ದುಕೊಳ್ಳಲು ಇಂಥ ಕಾರಿಗೆ ಇಪ್ಪತ್ತರ ಆಸುಪಾಸಿನ ಅಶ್ವಶಕ್ತಿ ಸಾಕು. ಮಿಕ್ಕ ಮುನ್ನೂರು ಕುದುರೆಗಳು ದಿನದ ಬಹುಭಾಗ ಲಾಯದಲ್ಲೇ ಮಲಗಿರುತ್ತವೆ. ಹಾಗೆಂದಮಾತ್ರಕ್ಕೆ ಅವು ವ್ಯರ್ಥವೆನ್ನುವಂತಿಲ್ಲ. ಎದುರು ಬದುರಾಗಿ ವಾಹನಗಳು ಬರುವ ಇಕ್ಕಟ್ಟಾದ ರಸ್ತೆಯಲ್ಲಿ ಲಾರಿಯೊಂದನ್ನು ಹಿಂದೆ ಹಾಕುವಾಗ, ಎದುರಿನವರ ದಾರಿಯಲ್ಲಿ ಹತ್ತು ಸೆಕೆಂಡು ಇರುವುದಕ್ಕೂ ಐದು ಸೆಕೆಂಡು ಇರುವುದಕ್ಕೂ ಇರುವ ಅಂತರ ಸಣ್ಣದಲ್ಲ. ಐವರು ಕುಳಿತು, ಸಾಮಾನು ತುಂಬಿ, ಘಟ್ಟವನ್ನು ಹತ್ತುವಾಗಲೂ ಅದರ ಬೆಲೆ ತಿಳಿಯುತ್ತದೆ.

ಆದರೆ ವೇಗದ ಲೆಕ್ಕಕ್ಕೆ ಒಂದು ಕ್ರೂರವಾದ ನಿಯಮವಿದೆ. ವೇಗ ಎರಡರಷ್ಟಾದರೆ, ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ನೂರು ಕಿಲೋಮೀಟರಿನ ವೇಗದಲ್ಲಿ ಒಳ್ಳೆಯ ಬ್ರೇಕುಗಳ ಕಾರು ಸುಮಾರು 40 ಮೀಟರುಗಳಲ್ಲಿ ನಿಂತರೆ, 250ರ ವೇಗದಲ್ಲಿ ಅದೇ ಕಾರಿಗೆ ಆರು ಪಟ್ಟಿಗಿಂತಲೂ ಹೆಚ್ಚು ದೂರ ಬೇಕು. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವ ಆ ಒಂದು ಸೆಕೆಂಡಿನಲ್ಲಿಯೇ ಸುಮಾರು 70 ಮೀಟರು ಕಳೆದುಹೋಗಿರುತ್ತದೆ. ಎಂಜಿನಿಯರರು ಬ್ರೇಕನ್ನು ಸುಧಾರಿಸಬಲ್ಲರು. ಈ ನಿಯಮವನ್ನು ತಿದ್ದಲಾರರು.

ಜರ್ಮನಿಯ ಕಂಪೆನಿಗಳು 1980ರ ದಶಕದ ಕೊನೆಯಲ್ಲಿ ತಮ್ಮ ಕಾರುಗಳ ವೇಗವನ್ನು 250 ಕಿಲೋಮೀಟರಿಗೆ ತಾವಾಗಿಯೇ ಮಿತಿಗೊಳಿಸಿಕೊಂಡವು. ವೇಗಮಿತಿಯಿಲ್ಲದ ಆಟೋಬಾನ್ ಹೆದ್ದಾರಿಗಳ ನಾಡಿನಲ್ಲೂ ಈ ಸಂಯಮ ಅಗತ್ಯವೆನಿಸಿತು. ಇಂಗ್ಲೆಂಡಿನಲ್ಲಿ 1990ರಲ್ಲಿ ಬಂದ ಲೋಟಸ್ ಕಾರ್ಲ್‌ಟನ್ ಈ ಗೆರೆಯನ್ನು ದಾಟಿತು: 377 ಅಶ್ವಶಕ್ತಿ, ಸುಮಾರು 280 ಕಿಲೋಮೀಟರಿನ ವೇಗ. ನಾಲ್ಕು ಬಾಗಿಲಿನ ಸಂಸಾರದ ಕಾರಿಗೆ ಇದೇಕೆ ಎಂದು ಪತ್ರಿಕೆಗಳು ಕೂಗಿದವು. ಮುಂದೆ ಕಳ್ಳರ ಗುಂಪೊಂದು ಅಂಥ ಕಾರನ್ನು ಕದ್ದು ರಾತ್ರಿ ಅಂಗಡಿಗಳನ್ನು ದೋಚಿದಾಗ ಪೊಲೀಸರ ಕಾರುಗಳು ಅದನ್ನು ಹಿಡಿಯಲಾರದೆ ಹೋದವು. ಕೂಗಿದವರ ಮಾತಿನಲ್ಲಿ ಸತ್ಯವಿಲ್ಲದಿರಲಿಲ್ಲ.

ಹಾಗಾದರೆ ನಮ್ಮ ತೀರ್ಪೇನು? ನಾಲ್ವರ ಸಂಸಾರಕ್ಕೆ, ದೂರದ ಪ್ರಯಾಣಕ್ಕೆ, 500 ಇ ಕಾರನ್ನು ಮೀರಿಸುವುದು ಕಷ್ಟ. ಅದರಲ್ಲಿ ಸುಖವಿದೆ, ಗಾಂಭೀರ್ಯವಿದೆ, ದಣಿವಿಲ್ಲ. ಆದರೆ ಅದರಲ್ಲಿ ಒಂದು ಕೊರತೆಯಿದೆ. ಆ ಪ್ರಚಂಡ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಹಂಚಲು ದೊಡ್ಡದಾದೊಂದು ಡಿಫರೆನ್ಷಿಯಲ್ ಬೇಕಾಯಿತು. ಅದಕ್ಕೆ ಎಡೆಮಾಡಿಕೊಡಲು ಹಿಂದಿನ ಬೆಂಚಿನ ನಡುವಿನ ಸ್ಥಳವನ್ನು ಬಿಟ್ಟುಕೊಡಬೇಕಾಯಿತು. ಹಿಂದೆ ಕೂರಬಹುದಾದವರು ಇಬ್ಬರೇ. ಮಾಮೂಲಿನ ಅದೇ ಮಾದರಿಯ ಅಗ್ಗದ ಮರ್ಸಿಡಿಸಿನಲ್ಲಿ ಐವರಿಗೆ ಇದ್ದ ಜಾಗ, ಅದರ ಎಷ್ಟೋ ಪಟ್ಟು ಬಲದ ಈ ಕಾರಿನಲ್ಲಿ ನಾಲ್ವರಿಗೆ ಇಳಿಯಿತು.

1985ರ ಎಂ-5 ಗದ್ದಲದ್ದು, ಚಾಲಕನಿಂದ ಹೆಚ್ಚು ಕೆಲಸವನ್ನು ಬೇಡುವಂಥದು. ಆದರೆ ತೂಕ ಸುಮಾರು 1,430 ಕಿಲೋ ಮಾತ್ರ. ಹಿಂದಿನ ಬೆಂಚು ಮೂವರದು. ಮನೆಯವರೆಲ್ಲರೂ ಹಿಡಿಸುವ ಕಾರೇ ಮನೆಯ ಕಾರು ಎಂದು ಒಪ್ಪುವುದಾದರೆ ಆಯ್ಕೆ ಸ್ಪಷ್ಟವಾಗಿದೆ. ಈ ಲೇಖಕನ ಮತ ಮ್ಯೂನಿಕ್ಕಿನ ಮೌನಿಗೆ.

ಅದೇ ವಂಶದ ಎಂ-5 2024ರಲ್ಲಿ ಹೊಸ ಅವತಾರವನ್ನು ತಾಳಿದೆ. ಪೆಟ್ರೋಲಿನ ಎಂಜಿನ್ನಿಗೆ ವಿದ್ಯುತ್ತಿನ ಮೋಟಾರು ಜೊತೆಗೂಡಿ 727 ಅಶ್ವಶಕ್ತಿ. ತೂಕ 2,400 ಕಿಲೋಗಳಿಗೂ ಮೇಲೆ. ನಲವತ್ತು ವರ್ಷಗಳಲ್ಲಿ ಶಕ್ತಿ ಎರಡೂವರೆ ಪಟ್ಟು ಬೆಳೆಯಿತು, ಭಾರ ಒಂದು ಟನ್ನಿನಷ್ಟು ಏರಿತು. ಆ ಭಾರದಲ್ಲಿ ಮನೆಮಂದಿಯನ್ನು ಕಾಯುವ ಸಾಧನಗಳೂ, ಊರೊಳಗೆ ಹೊಗೆಯಿಲ್ಲದೆ ಓಡಿಸುವ ಬ್ಯಾಟರಿಯೂ ಇವೆ, ಅದನ್ನು ಅಲ್ಲಗಳೆಯಲಾಗದು. ಆದರೆ ಹಿಂದಿನ ಆಸನದಲ್ಲಿ ಕೂರುವವರು ಇಂದಿಗೂ ಮೂವರೇ. ಆಟೋಬಾನಿನಲ್ಲೂ ಶಿಫಾರಸು ಮಾಡಿರುವ ವೇಗ 1970ರ ದಶಕದಿಂದ ಇಂದಿನವರೆಗೂ 130 ಕಿಲೋಮೀಟರೇ.

ಋತುಪರ್ಣನು ಜಾರಿಬಿದ್ದ ಉತ್ತರೀಯವನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗಿದನು. ಅವನು ಅರಸ, ಇನ್ನೊಂದು ಉತ್ತರೀಯ ಅವನಿಗೆ ದುರ್ಲಭವಾಗಿರಲಿಲ್ಲ. ಸಂಸಾರದ ಬಂಡಿಯನ್ನು ಓಡಿಸುವವನು ಮಾತ್ರ, ಹಿಂದಿನ ಬೆಂಚಿನ ನಡುವೆ ಕುಳಿತಿರುವ ಅಜ್ಜಿಗೆ ಸ್ಥಳವಿಲ್ಲವೆಂದು ಹೇಳಿ ಹೊರಟುಬಿಡುವಂತಿಲ್ಲ.