ಕಲಿಯುವ ಕೈಯ ಊಟ

ಸೂಪಿನ ತಟ್ಟೆ ಹಿಡಿದು ಬಂದ ಹುಡುಗನ ಹೆಬ್ಬೆರಳು ಅಂಚು ದಾಟಿರಲಿಲ್ಲ. ಕೈ ಮಾತ್ರ ನಡುಗುತ್ತಿತ್ತು. ತಟ್ಟೆ ನನ್ನ ಮುಂದೆ ಇಳಿಯುವಷ್ಟರಲ್ಲಿ ಬಿಳಿ ಮೇಜುಬಟ್ಟೆಯ ಮೇಲೆ ಒಂದು ಹನಿ ಬಿತ್ತು. ಅವನು ನೋಡಿದ್ದು ನನ್ನ ಮುಖವನ್ನಲ್ಲ, ಗೋಡೆಯ ಪಕ್ಕ ಪುಸ್ತಕ ಹಿಡಿದು ನಿಂತಿದ್ದ ಮೇಡಂ ಮುಖವನ್ನು. ಅವರು ಆಗಲೇ ಏನೋ ಗೀಚಿಕೊಂಡಿದ್ದರು. ನಾನು ಒರೆಸಲು ಕೈ ಹಾಕಿದೆ. 'ಮಾವ, ನೀವು ಮುಟ್ಟಬೇಡ್ರಿ, ಅದಕ್ಕೂ ಮಾರ್ಕ್ಸ್ ಐತೆ' ಎಂದು ಪಿಸುಗುಟ್ಟಿ, ಆ ಕಲೆಯ ಮೇಲೆ ಒಗೆದ ನ್ಯಾಪ್‌ಕಿನ್ ಒಂದನ್ನು ನೀಟಾಗಿ ಹಾಸಿದ.

ಅವನು ನನ್ನ ಅಕ್ಕನ ಮಗ. ಜಗಳೂರು ತಾಲ್ಲೂಕಿನ ನಮ್ಮ ಸೊಕ್ಕೆಯಲ್ಲಿ ಮದುವೆ ಪಂಕ್ತಿಗೆ ಸಾರಿನ ಬಕೆಟ್ ಹಿಡಿದು ಓಡಾಡಿದವನು. ಆಗ ಅವನ ಕೈ ನಡುಗಿದ್ದನ್ನು ನಾನು ಕಂಡಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನ ಈ ರೆಸ್ಟೋರೆಂಟಿನಲ್ಲಿ ಮಾತ್ರ ಊಟವೇ ಪರೀಕ್ಷೆ, ಉಣ್ಣಲು ಬಂದವರೇ ಪ್ರಶ್ನೆಪತ್ರಿಕೆ. ಇದನ್ನು ತಿಳಿದು ಹೋದರೆ ಅಲ್ಲಿನ ಊಟದ ರುಚಿಯೇ ಬೇರೆ. ತಿಳಿಯದೆ ಹೋದವರು ಅರ್ಧ ಗಂಟೆಗೆ ಗೊಣಗಲು ಶುರು ಮಾಡುತ್ತಾರೆ.

ಇಂಥ ರೆಸ್ಟೋರೆಂಟು ಹೊಸ ಸಂಗತಿಯೇನಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಹೋಟೆಲ್ ಕಸುಬಿನ ಶಾಲೆ ಶುರುವಾದದ್ದು 1893ರಲ್ಲಿ. ಅಮೆರಿಕದ ಕಲಿನರಿ ಇನ್‌ಸ್ಟಿಟ್ಯೂಟ್ 1946ರಲ್ಲಿ ಹುಟ್ಟಿದ್ದು ಯುದ್ಧದಿಂದ ಮರಳಿದ ಸೈನಿಕರಿಗೆ ಅಡುಗೆ ಕಸುಬು ಕಲಿಸಲಿಕ್ಕೆ. ಇವತ್ತು ಅಲ್ಲಿನ ವಿದ್ಯಾರ್ಥಿಗಳ ರೆಸ್ಟೋರೆಂಟುಗಳಿಗೆ ಜನ ಮೊದಲೇ ಟೇಬಲ್ ಕಾಯ್ದಿರಿಸಿ ಬರುತ್ತಾರೆ. ನಮ್ಮಲ್ಲಿ ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ, ಎಸ್.ಜೆ. ಪಾಲಿಟೆಕ್ನಿಕ್ ಆವರಣದೊಳಗೆ, ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಐಎಚ್‌ಎಂ ಎಂಬ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ. ಮಣಿಪಾಲದಲ್ಲಿ ವೆಲ್‌ಕಮ್‌ಗ್ರೂಪ್ ಹೆಸರಿನ ಶಾಲೆ ಇದೆ. ಟೀವಿಯಲ್ಲಿ ಕಾಣುವ ಬಾಣಸಿಗ ವಿಕಾಸ್ ಖನ್ನಾ ಓದಿದ್ದು ಅಲ್ಲೇ. ಹಳೆಯ ಅಡುಗೆ ಪಾತ್ರೆಗಳ ಮ್ಯೂಸಿಯಂ ಒಂದನ್ನು ಅವರು 2018ರಲ್ಲಿ ಅಲ್ಲಿಗೆ ಮಾಡಿಕೊಟ್ಟಿದ್ದಾರೆ.

ಹೋಟೆಲ್ ಮ್ಯಾನೇಜ್‌ಮೆಂಟಿನ ಮೂರು ವರ್ಷದ ಬಿಎಸ್ಸಿಯಲ್ಲಿ ಅಡುಗೆಮನೆಯೂ ಮೂರು ಮೆಟ್ಟಿಲು. ಮೊದಲ ವರ್ಷ ಬೇಸಿಕ್ ಕಿಚನ್: ಚಾಕು ಹಿಡಿಯುವುದು, ಈರುಳ್ಳಿ ಒಂದೇ ಅಳತೆಗೆ ಹೆಚ್ಚುವುದು, ಸ್ಟಾಕ್ ಕಾಯಿಸುವುದು. ಎರಡನೇ ವರ್ಷ ಕ್ವಾಂಟಿಟಿ ಕಿಚನ್. ನೂರಾರು ಜನಕ್ಕಾಗುವಷ್ಟು ಅಡುಗೆ ಮಾಡುವ ಜಾಗವಿದು. ಕಾಶ್ಮೀರದಿಂದ ಕೇರಳದವರೆಗಿನ ಊಟಗಳು ಒಂದೊಂದು ದಿನ ಇಲ್ಲಿ ಬೇಯುತ್ತವೆ. ಅದೇ ವರ್ಷ ಕೆಲವು ತಿಂಗಳು ನಿಜವಾದ ಹೋಟೆಲಿನಲ್ಲಿ ತರಬೇತಿ. ಮೂರನೇ ವರ್ಷದ್ದು ಅಡ್ವಾನ್ಸ್ಡ್ ಕಿಚನ್, ಜತೆಗೆ ಅಡ್ವಾನ್ಸ್ಡ್ ರೆಸ್ಟೋರೆಂಟ್. ಇವತ್ತು ಒಲೆ ಮುಂದೆ ನಿಂತವರು ಮತ್ತೊಂದು ಸರದಿಗೆ ಬಡಿಸಲು ನಿಲ್ಲುತ್ತಾರೆ. ಈ ಅದಲುಬದಲು ನನಗೆ ತುಂಬ ಹಿಡಿಸಿತು. ಒಳಗೆ ತಡವಾದರೆ ಹೊರಗಿರುವವನ ಪಾಡೇನು ಎಂದು ಇಬ್ಬರಿಗೂ ಗೊತ್ತಿರುತ್ತದೆ.

ಮೆನುವಿನಲ್ಲಿ ಆಯ್ಕೆ ಯಾಕಿಲ್ಲ ಎಂದು ಕೇಳುವವರಿಗೆ ಉತ್ತರ ಇಂಡೆಂಟಿನಲ್ಲಿದೆ. ಯಾವ ಸಾಮಾನು ಎಷ್ಟು ಗ್ರಾಂ ಬೇಕು ಎಂದು ಮಕ್ಕಳು ಮೊದಲೇ ಪಟ್ಟಿ ಬರೆದು ಸ್ಟೋರಿಗೆ ಕೊಡಬೇಕು. ಆ ಲೆಕ್ಕ ನಿಲ್ಲುವುದು ಕವರ್‌ಗಳ ಮೇಲೆ. ಕವರ್ ಎಂದರೆ ಪ್ಲಾಸ್ಟಿಕ್ ಕವರ್ ಅಲ್ಲ, ಒಬ್ಬರು ಕೂತು ಉಣ್ಣುವ ಜಾಗ, ಅದರ ಚಮಚ, ತಟ್ಟೆ, ಲೋಟ ಎಲ್ಲ ಸೇರಿ. ಇಪ್ಪತ್ತು ಕವರ್‌ಗೆ ಇಂಡೆಂಟ್ ಹೋದಮೇಲೆ ಇಪ್ಪತ್ತೊಂದನೆಯವರು ಬಂದರೆ ನಮ್ಮ ಮದುವೆ ಮನೆಯ ಹಾಗೆ ಸಾರಿಗೆ ಒಂದು ಚೊಂಬು ನೀರು ಹುಯ್ಯುವಂತಿಲ್ಲ. ಅದಕ್ಕೇ ಮೊದಲು ಹೇಳಿ ಹೋಗಬೇಕು. ಆ ವಾರ ಪಾಠದಲ್ಲಿ ಏನಿದೆಯೋ ತಟ್ಟೆಗೂ ಅದೇ ಬರುತ್ತದೆ.

ಇನ್ನು ದುಡ್ಡಿನ ಮಾತು. ಸಾಮಾನ್ಯವಾಗಿ ದೊಡ್ಡ ಹೋಟೆಲಿನಲ್ಲಿ ನೀವು ನೂರು ರೂಪಾಯಿ ಕೊಟ್ಟರೆ ಅದರಲ್ಲಿ ಸಾಮಾನಿಗೆ ಹೋಗುವುದು ಮೂವತ್ತರ ಆಸುಪಾಸು. ಉಳಿದದ್ದು ಸಂಬಳ, ಬಾಡಿಗೆ, ಕರೆಂಟು, ಲಾಭ. ಇಲ್ಲಿ ಅಡುಗೆ ಮಾಡುವವರಿಗೂ ಬಡಿಸುವವರಿಗೂ ಸಂಬಳವಿಲ್ಲ. ಬೆಲೆ ಕಡಿಮೆ ಇರುವುದಕ್ಕೆ ಕಾರಣ ಅದೇ ಹೊರತು ಸಾಮಾನು ಕಳಪೆಯೆಂದಲ್ಲ.

ಬಡಿಸುವ ಕ್ರಮಕ್ಕೂ ಒಂದು ಶಾಸ್ತ್ರವಿದೆ. ದೊಡ್ಡ ತಟ್ಟೆಯಿಂದ ನಿಮ್ಮ ತಟ್ಟೆಗೆ ಬಡಿಸುವುದಾದರೆ ಎಡಗಡೆಯಿಂದ, ನೀರು ಹಾಕುವುದು ಬಲಗಡೆಯಿಂದ, ಉಂಡ ತಟ್ಟೆ ತೆಗೆಯುವುದೂ ಬಲಗಡೆಯಿಂದ. ಒಂದೇ ಕೈಯಲ್ಲಿ ಚಮಚವನ್ನೂ ಫೋರ್ಕನ್ನೂ ಇಕ್ಕಳದಂತೆ ಹಿಡಿದು ಬೇಯಿಸಿದ ಬಟಾಣಿ ಬಡಿಸಬೇಕು. ನನ್ನ ಅಳಿಯ ಹಾಸ್ಟೆಲಿನಲ್ಲಿ ಕಡಲೆಕಾಳು ಇಟ್ಟುಕೊಂಡು ಅಭ್ಯಾಸ ಮಾಡಿದನಂತೆ. ಎಲೆಯ ಮೇಲೆ ಉಪ್ಪು ಎಲ್ಲಿ, ಪಲ್ಯ ಎಲ್ಲಿ ಎಂದು ತಪ್ಪದೆ ಬಡಿಸುವ ನಮ್ಮವರಿಗೆ ಇದು ವಿಚಿತ್ರ ಅನ್ನಿಸಬಾರದು. ಅದೂ ಒಂದು ಕ್ರಮ, ಇದೂ ಒಂದು ಕ್ರಮ.

ಆರ್ಡರ್ ಬರೆಯುವ ಚೀಟಿಗೆ ಕೆಒಟಿ ಎನ್ನುತ್ತಾರೆ. ಮೂರು ಪ್ರತಿ: ಒಂದು ಅಡುಗೆಮನೆಗೆ, ಒಂದು ಕ್ಯಾಷಿಯರ್‌ಗೆ, ಒಂದು ಬಡಿಸುವವನ ಹತ್ತಿರ. ಅಡುಗೆಮನೆಯ ಕಿಂಡಿಯಲ್ಲಿ ನಿಂತವನು ಚೀಟಿ ಓದಿ ಗಟ್ಟಿಯಾಗಿ ಕೂಗುತ್ತಾನೆ, ಒಳಗಿನವರು ಒಟ್ಟಿಗೆ 'ಯೆಸ್ ಶೆಫ್' ಎನ್ನುತ್ತಾರೆ. ಕೂಗುವವನಿಗೆ ಫ್ರೆಂಚಿನಲ್ಲಿ ದೊಡ್ಡ ಹೆಸರೇ ಇದೆ. ನನಗೆ ನೆನಪಾದದ್ದು ದಾವಣಗೆರೆಯ ದೋಸೆ ಹೋಟೆಲಿನಲ್ಲಿ 'ಎರಡು ಬೆಣ್ಣೆ, ಒಂದು ಓಪನ್' ಎಂದು ಕಾವಲಿಯತ್ತ ಕೂಗುವ ದನಿ. ಸಾಸ್ ಒಬ್ಬನಿಗೆ, ತರಕಾರಿ ಒಬ್ಬನಿಗೆ, ಸಿಹಿ ಇನ್ನೊಬ್ಬನಿಗೆ ಎಂದು ಒಳಗೆ ಹಂಚಿಕೊಳ್ಳುವ ಪದ್ಧತಿಯನ್ನು ಗಟ್ಟಿ ಮಾಡಿದವನು ಎಸ್ಕಾಫಿಯೆ ಎಂಬ ಫ್ರೆಂಚ್ ಬಾಣಸಿಗ. ನೂರು ವರ್ಷ ಕಳೆದರೂ ಅದೇ ನಡೆಯುತ್ತಿದೆ.

ನಾನು ಹೋದ ದಿನ ಎರಡನೇ ಐಟಂ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಒಳಗೆ ಶಿಕ್ಷಕರು ರುಚಿ ನೋಡಿ ಸಾಸ್ ವಾಪಸ್ ಕಳಿಸಿದ್ದರಂತೆ. ಮೀನು ಚೆನ್ನಾಗಿ ಬೆಂದಿತ್ತು, ಜತೆಗಿದ್ದ ಆಲೂಗಡ್ಡೆಗೆ ಉಪ್ಪು ಸಾಲದು. ಕೊನೆಗೆ ಅಭಿಪ್ರಾಯದ ಚೀಟಿ ಕೊಟ್ಟರು. ಪಕ್ಕದ ಟೇಬಲಿನವರು ಎಲ್ಲದಕ್ಕೂ 'ಸೂಪರ್' ಎಂದು ಗೀಚಿ ಎದ್ದರು. ಅದು ಪ್ರೀತಿಯಲ್ಲ, ಸೋಮಾರಿತನ. ನಾನು ಆಲೂಗಡ್ಡೆ ವಿಷಯ ಬರೆದೆ. ಅಳಿಯ ಸಂಜೆ ಫೋನ್ ಮಾಡಿ, 'ಅದು ನಂದಲ್ಲ ಮಾವ, ಬೇರೆ ಬ್ಯಾಚಿಂದು' ಎಂದ.

ನಮ್ಮ ಕಡೆಯವರು ಹೋಗುವುದಾದರೆ ದಾವಣಗೆರೆಯಿಂದ ಬೆಂಗಳೂರಿಗೆ ರೈಲೂ ಇದೆ, ಬಸ್ಸೂ ಇದೆ. ಆದರೆ ಮೊದಲು ಕಾಲೇಜಿಗೆ ಫೋನ್ ಮಾಡಿ. ಎಲ್ಲ ಕಾಲೇಜುಗಳೂ ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ. ಕೆಲವು ಕಡೆ ಸಿಬ್ಬಂದಿಗೆ ಮತ್ತು ಕರೆದವರಿಗೆ ಮಾತ್ರ, ಕೆಲವು ಕಡೆ ಕೊನೇ ವರ್ಷದವರು ಮಾಡುವ ಥೀಮ್ ಡಿನ್ನರಿಗೆ ಟಿಕೆಟ್ ಇರುತ್ತದೆ. ಪರೀಕ್ಷೆ, ರಜೆ ಇದ್ದಾಗ ಒಲೆಯೇ ಹೊತ್ತುವುದಿಲ್ಲ. ಮನೆಯಲ್ಲಿ ಪಿಯುಸಿ ಮುಗಿಸುವ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ, ಇಂಗ್ಲಿಷ್ ಒಂದು ವಿಷಯವಾಗಿ ಓದಿರಬೇಕು. ಐಎಚ್‌ಎಂಗಳಿಗೆ ಎನ್‌ಸಿಎಚ್‌ಎಂ ಜೆಇಇ ಎಂಬ ಪ್ರವೇಶ ಪರೀಕ್ಷೆ ಇದೆ.

ಹನ್ನೆರಡೂವರೆಗೆ ಬನ್ನಿ ಎಂದಿದ್ದರೆ ಹನ್ನೆರಡೂವರೆಗೇ ಹೋಗಿ. ನೀವು ಎದ್ದ ಮೇಲೆ ಆ ಮಕ್ಕಳು ಚಮಚ, ಫೋರ್ಕು ಎಲ್ಲ ಎಣಿಸಿ ಒಪ್ಪಿಸಬೇಕು, ಆಮೇಲೆ ಅವರ ಊಟ.