ಕುಡಿಯುವ ನೀರಿನಲ್ಲಿ ಫ್ಲೋರೈಡ್: ತಕ್ಕ ಪರೀಕ್ಷೆಯ ಆಯ್ಕೆ

ತಿಳಿಯಾಗಿ ಕಾಣುವ ನೀರೆಲ್ಲವೂ ನಿರ್ದೋಷವಲ್ಲ. ಕೋಲಾರ, ತುಮಕೂರು, ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಬಂಡೆಗಳಿಂದ ಕರಗಿ ಬಂದ ಫ್ಲೋರೈಡ್ ಅಧಿಕವಾಗಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಿತಿಮೀರಿದಾಗ ಅದು ಬೆಳೆಯುವ ಮಕ್ಕಳ ಹಲ್ಲುಗಳನ್ನು ಕಲೆಗಟ್ಟಿಸುತ್ತದೆ. ಬಹುಕಾಲದ ಸೇವನೆಯಿಂದ ಮೂಳೆ, ಕೀಲುಗಳನ್ನು ಬಿಗಿಗೊಳಿಸುತ್ತದೆ. ಹೀಗೆ ಕೆಟ್ಟ ಮೂಳೆಯನ್ನು ಮೊದಲಿನಂತಾಗಿಸುವ ಔಷಧವಿಲ್ಲ. ಆದುದರಿಂದ ನೀರಿನ ಪರೀಕ್ಷೆಯೇ ಮೊದಲ ರಕ್ಷೆ.

ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯುಂಟು. ಇಷ್ಟು ಅಲ್ಪ ಅಂತರವನ್ನು ಗುರುತಿಸಬಲ್ಲ ಸಾಧನ ಯಾವುದು?

ಇಂದು ಅನೇಕ ಮನೆಗಳಲ್ಲಿರುವ ಟಿಡಿಎಸ್ ಮೀಟರ್ ಈ ಕಾರ್ಯಕ್ಕೆ ಒದಗದು. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆ. ಲೀಟರಿಗೆ 400 ಮಿಲಿಗ್ರಾಂ ಲವಣವಿರುವ ನೀರಿನಲ್ಲಿ 2 ಮಿಲಿಗ್ರಾಂ ಫ್ಲೋರೈಡ್ ಅಡಗಿದ್ದರೂ ಮೀಟರ್ ಅದನ್ನು ಬೇರ್ಪಡಿಸಿ ತೋರಲಾರದು.

ಬಣ್ಣದ ಕಿಟ್ ಅಗ್ಗವೂ ಸುಲಭವೂ ಆದುದು. ಅದರಲ್ಲಿ ಸಾಮಾನ್ಯವಾಗಿ ಜಿರ್ಕೋನಿಯಂ ಬೆರೆತ ವರ್ಣದ್ರವ್ಯವಿರುತ್ತದೆ. ಫ್ಲೋರೈಡ್ ಜಿರ್ಕೋನಿಯಂ ಅನ್ನು ತನ್ನತ್ತ ಸೆಳೆದುಕೊಂಡಂತೆ ದ್ರವದ ಬಣ್ಣ ಬದಲಾಗುತ್ತದೆ. ಊರಿನ ಹತ್ತಾರು ಬಾವಿಗಳಲ್ಲಿ ಶಂಕಿತವಾದವುಗಳನ್ನು ಆರಿಸಲು ಇದು ಸಾಕು. ಆದರೆ ಫಲಿತಾಂಶ ಮಿತಿಯ ಆಸುಪಾಸಿನಲ್ಲಿದ್ದರೆ ಕಣ್ಣಂದಾಜನ್ನು ನಂಬಲಾಗದು.

ಪಟಿಕದಿಂದ ಶುದ್ಧೀಕರಿಸಿದ ನೀರಿನ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಅದರಲ್ಲಿ ಉಳಿದ ಅಲ್ಯೂಮಿನಿಯಂ ಫ್ಲೋರೈಡನ್ನು ಹಿಡಿದಿಡುವುದರಿಂದ ಬಣ್ಣದ ಪರೀಕ್ಷೆಯು ನಿಜಕ್ಕಿಂತ ಕಡಿಮೆ ಪ್ರಮಾಣವನ್ನು ತೋರಬಹುದು. ನೀರು ಶುದ್ಧವಾಯಿತೆಂಬ ಹುಸಿ ಸಮಾಧಾನ ಹುಟ್ಟುವುದು ಇಲ್ಲಿಯೇ.

ಇಂತಹ ಸಂದರ್ಭಗಳಿಗೆ ಪ್ರಯೋಗಾಲಯದ ಫ್ಲೋರೈಡ್ ಎಲೆಕ್ಟ್ರೋಡ್ ತಕ್ಕ ಸಾಧನ. ಇದರ ಲ್ಯಾಂಥನಮ್ ಫ್ಲೋರೈಡ್ ಸ್ಫಟಿಕವು ಬಹುಮಟ್ಟಿಗೆ ಫ್ಲೋರೈಡ್ ಅಯಾನಿಗೆ ಮಾತ್ರ ಸ್ಪಂದಿಸುತ್ತದೆ. ಅಳೆಯುವ ಮುನ್ನ ಬೆರೆಸುವ ಬಫರ್ ದ್ರಾವಣವು ಅಲ್ಯೂಮಿನಿಯಂ ಹಿಡಿದಿಟ್ಟ ಫ್ಲೋರೈಡನ್ನು ಬಿಡಿಸಿ, ಆಮ್ಲೀಯತೆಯನ್ನೂ ಹದಗೊಳಿಸುತ್ತದೆ. ಫ್ಲೋರೈಡಿನೊಂದಿಗೆ ನೈಟ್ರೇಟ್, ಸಲ್ಫೇಟ್‌ಗಳನ್ನೂ ಒಟ್ಟಿಗೆ ಅಳೆಯಬೇಕಾದರೆ ದುಬಾರಿಯಾದ ಅಯಾನ್ ಕ್ರೊಮ್ಯಾಟೋಗ್ರಾಫ್ ಉಚಿತ. ಫ್ಲೋರೈಡ್ ಒಂದಕ್ಕೇ ಅದು ಅನಿವಾರ್ಯವಲ್ಲ.

ಮಾದರಿಯನ್ನು ಗಾಜಿನ ಬದಲು ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಬೇಕು. ಶುದ್ಧೀಕರಿಸಿದ ನೀರಾದರೆ ಆ ಸಂಗತಿಯನ್ನು ಪ್ರಯೋಗಾಲಯಕ್ಕೆ ತಿಳಿಸಬೇಕು. ಕುದಿಸುವುದರಿಂದ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಮಕ್ಕಳಿರುವ ಮನೆಯವರು ಮೀಟರಿನ ಅಂಕಿಯನ್ನು ನೆಚ್ಚಿ ಕೂರದೆ, ಕುಡಿಯುವ ನೀರನ್ನು ಫ್ಲೋರೈಡಿಗೆಂದೇ ಪರೀಕ್ಷಿಸಿಕೊಳ್ಳುವುದು ಶ್ರೇಯಸ್ಕರ.